ಒರೆಸುವ ಕೈ, ಬೇಯಿಸುವ ಕೈ

ಬೈಂದೂರು, ಉಪ್ಪುಂದ, ಶಿರೂರು ಕಡೆ ಈಚೆಗೆ ಕಟ್ಟಿದ ದೊಡ್ಡ ಮನೆಗಳಲ್ಲಿ ಎರಡೆರಡು ಅಡುಗೆಮನೆ ಇರುವುದನ್ನು ನೀವೂ ಗಮನಿಸಿರಬಹುದು. ಒಳಗಿನದು ಮಾಡ್ಯುಲರ್ ಕಿಚನ್. ಹಿಂದುಗಡೆ ಶೀಟಿನ ಮಾಡಿನ ಕೆಳಗೆ ಇನ್ನೊಂದು, ಅದಕ್ಕೆ ‘ವರ್ಕ್ ಏರಿಯಾ’ ಅಂತ ಹೆಸರು. ಮೀನು ಕೊಯ್ಯುವುದು, ಮಸಾಲೆ ಕಡೆಯುವುದು, ಕುಚ್ಚಲಕ್ಕಿ ಗಂಜಿ ಬೇಯುವುದು ಎಲ್ಲ ಅಲ್ಲಿಯೇ. ಒಳಗಿನದರಲ್ಲಿ ಚಾ ಆಗುತ್ತದೆ, ಅಷ್ಟೆ. ಕಟ್ಟಿಸಿದವರು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೋಟೆಲ್ ಇಟ್ಟವರು, ಇಲ್ಲ ಗಲ್ಫಿನಲ್ಲಿ ದುಡಿಯುವವರು. ವರ್ಷಪೂರ್ತಿ ಆ ಮನೆಯಲ್ಲಿ ಇರುವುದು ವಯಸ್ಸಾದ ತಾಯಿ, ಮತ್ತೆ ಬೆಳಿಗ್ಗೆ ಬಂದು ಗುಡಿಸಿ ಒರೆಸಿ ಹೋಗುವ ಒಬ್ಬ ಹೆಂಗಸು.

ಅಂಥ ಅಡುಗೆಮನೆಯ ಗೋಡೆಕಪಾಟಿನಲ್ಲಿ ಕೂರಿಸಿದ ಕರೆಂಟಿನ ಓವನ್ ಇರುತ್ತದೆ. ಬಿಲ್ಟ್-ಇನ್ ಓವನ್. ಕಪ್ಪು ಗಾಜಿನ ಬಾಗಿಲು, ಉದ್ದದ ಸ್ಟೀಲ್ ಹಿಡಿಕೆ. ಕೆಲವು ಮನೆಗಳಲ್ಲಿ ಕಂಪನಿಯ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರುವುದಿಲ್ಲ. ನಮ್ಮ ಕೇರಿಯ ಒಬ್ಬ ಅಮ್ಮನನ್ನು ಕೇಳಿದೆ, ಇದರಲ್ಲಿ ಎಂತ ಮಾಡ್ತೀರಿ ಅಂತ.

“ಅದ್ ಮಗ ಬಂದಾಗ ಮಾಡುದ್ ಮಗಾ. ನಾವ್ ಮುಟ್ಟುಕಾಗ. ಹಾಳಾರೆ ಎಂತ ಮಾಡುದ್?” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಆರೆ ದಿನಾ ಒರ್ಸುದ್ ನಾನೇ ಕಾಣ್” ಅಂತ ಸೇರಿಸಿದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಒಂದು ತರಹದ ಹೆಮ್ಮೆಯೇ ಇತ್ತು. ಅದೇ ನನಗೆ ಕಸಿವಿಸಿ ಮಾಡಿದ್ದು.

ಒಂದು ವಸ್ತುವನ್ನು ಬಳಸಲು ಬಿಡದೆ, ಅದನ್ನು ಜೋಪಾನ ಮಾಡುವ ಕೆಲಸವನ್ನು ಮಾತ್ರ ಒಬ್ಬರ ಕೈಗೆ ಕೊಡುವುದು ಸರಿಯಾ? ಹೀಗೆ ಬಳಸದೆ ಮಾಡುವ ಜೋಪಾನ ನಿಜವಾಗಿ ಜೋಪಾನವಾ, ಕಾವಲಾ?

ಎರಡನೆಯ ಪ್ರಶ್ನೆಗೆ ಓವನ್ನೇ ಉತ್ತರ ಕೊಡುತ್ತೆ. ಅದರೊಳಗೆ ಕಾಯುವ ಭಾಗವನ್ನು ಎಲಿಮೆಂಟ್ ಅಂತಾರಲ್ಲ, ಅದು ಲೋಹದ ಒಂದು ಕೊಳವೆ. ಕೊಳವೆಯ ನಡುವೆ ಸುರುಳಿ ತಂತಿ. ತಂತಿ ಕೊಳವೆಗೆ ತಾಗದ ಹಾಗೆ ಸುತ್ತ ಬಿಗಿಯಾಗಿ ಒಂದು ಬಿಳಿ ಪುಡಿ ತುಂಬಿರುತ್ತಾರೆ, ಮೆಗ್ನೀಸಿಯಂ ಆಕ್ಸೈಡ್. ಈ ಪುಡಿ ಶಾಖವನ್ನು ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಆದರೆ ಅದಕ್ಕೊಂದು ಗುಣ: ಗಾಳಿಯ ತೇವ ಹೀರುತ್ತದೆ. ಆಗಾಗ ಬಿಸಿಯಾಗುತ್ತಿದ್ದರೆ ಹೀರಿದ ತೇವ ಆರಿಹೋಗುತ್ತದೆ. ತಿಂಗಳುಗಟ್ಟಲೆ ತಣ್ಣಗೆ ಬಿದ್ದಿದ್ದರೆ ಅಲ್ಲೇ ಕೂರುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಆಷಾಢದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುವ ಊರು ಇದು. ಚೌತಿಗೆ ಮಗ ಬಂದು ಕೇಕ್ ಮಾಡುವ ಅಂತ ಸ್ವಿಚ್ ಹಾಕಿದರೆ ಇಡೀ ಮನೆಯ ಕರೆಂಟ್ ಹೋಗುತ್ತದೆ! ತೇವದ ಪುಡಿಯ ಮೂಲಕ ಕರೆಂಟ್ ಒಂಚೂರು ಅರ್ತ್‌ಗೆ ಸೋರಿದರೂ ಸಾಕು, ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬಿದ್ದುಬಿಡುತ್ತದೆ. “ಹೊಸಾ ಓವನ್, ನಾಲ್ಕು ಸಲಾನೂ ಬಳಸ್ಲಿಲ್ಲ, ಹ್ಯಾಗೆ ಹಾಳಾಯ್ತು?” ಅಂತ ಕೇಳಿದರೆ, ನಾಲ್ಕು ಸಲವೂ ಬಳಸದೆ ಇದ್ದದ್ದಕ್ಕೇ ಹಾಳಾಯ್ತು. (ಹಾಗಂತ ಆರ್‌ಸಿಸಿಬಿ ತಪ್ಪಿಸಿ ನೇರ ಕನೆಕ್ಷನ್ ಕೊಡಿಸುವ ಬುದ್ಧಿವಂತಿಕೆ ಮಾತ್ರ ಬೇಡ. ಅದು ಬೀಳುವುದು ಜೀವ ಉಳಿಸುವುದಕ್ಕೆ. ಬಲ್ಲ ಎಲೆಕ್ಟ್ರಿಷಿಯನ್ ಕರೆಸಿ ಎಲಿಮೆಂಟ್ ಪರೀಕ್ಷೆ ಮಾಡಿಸಿ.)

ಆ ಅಮ್ಮ ದಿನಾ ಒರೆಸಿದ್ದು ಗಾಜಿನ ಹೊರಮೈ. ಹಾಳಾಗುತ್ತಿದ್ದದ್ದು ಒಳಗೆ. ಬಟ್ಟೆ ಅಲ್ಲಿಗೆ ಮುಟ್ಟುವುದಿಲ್ಲ, ಬೆಂಕಿ ಮಾತ್ರ ಮುಟ್ಟುತ್ತದೆ.

ಹಳೆಯ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಮಣ್ಣಿನ ಒಲೆಯ ಬೂದಿ ತೆಗೆದು, ಸೆಗಣಿ ಹಾಕಿ ಸಾರಿಸುವುದೂ ಅದರ ಮೇಲೆ ಗಂಜಿ ಇಡುವುದೂ ಬೇರೆ ಬೇರೆ ಕೆಲಸ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಒಲೆಯ ಹೊಗೆ ಅಟ್ಟಕ್ಕೇರಿ ಮಾಡಿನ ಪಕಾಸು ರೀಪುಗಳಿಗೆ ಹುಳ ಹಿಡಿಯದಂತೆ ಕಾಯುತ್ತಿತ್ತು. ಬೀಗ ಬಿದ್ದ ಹಂಚಿನ ಮನೆ ಎರಡು ಮಳೆಗಾಲದಲ್ಲಿ ಗೆದ್ದಲ ಪಾಲಾಗುವುದನ್ನು ನಾವೆಲ್ಲ ಕಂಡವರೇ.

ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ನ ಮೊದಲ ಭಾಗದಲ್ಲಿ ಚಪ್ಪಲಿಯ ಉದಾಹರಣೆ ಕೊಡುತ್ತಾನೆ. ಚಪ್ಪಲಿಯನ್ನು ಮೆಟ್ಟಿಕೊಳ್ಳಬಹುದು, ಕೊಟ್ಟು ಬೇರೆ ಏನನ್ನಾದರೂ ತಗೊಳ್ಳಬಹುದು. ಎರಡೂ ಬಳಕೆಯೇ, ಆದರೆ ಚಪ್ಪಲಿ ಆದದ್ದು ಮೆಟ್ಟುವುದಕ್ಕೆ. ಮೂರನೆಯ ಬಳಕೆಯೊಂದಿದೆ, ತೋರಿಸುವುದು. ಅದರ ಬಗ್ಗೆ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ಇಡೀ ಪುಸ್ತಕವನ್ನೇ ಬರೆದ. ಗೃಹಪ್ರವೇಶಕ್ಕೆ ಬಂದವರು “ಓವನ್ನೂ ಹಾಕ್ಸಿದ್ರಲೆ!” ಅಂದಾಗಲೇ ನಮ್ಮ ಓವನ್ನಿನ ಮುಖ್ಯ ಕೆಲಸ ಮುಗಿದಿರುತ್ತದೆ. ತೋರಿಸುವ ಆಸೆಯನ್ನು ನಾನು ಹಂಗಿಸುವುದಿಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುತ್ತ ಶುರು ಮಾಡಿದವರು ಊರಲ್ಲಿ ತಾಯಿಗೆ ಒಂದು ಒಳ್ಳೆಯ ಅಡುಗೆಮನೆ ಕಟ್ಟಿಸಿ ನಾಲ್ಕು ಜನಕ್ಕೆ ತೋರಿಸಿದರೆ ಯಾರದ್ದೇನು ಹೋಗುತ್ತೆ? ಬೇಜಾರು ಅದಲ್ಲ. ತಾಯಿಗೆ ಅಂತ ಕಟ್ಟಿಸಿದ್ದು ತಾಯಿಯೇ ಮುಟ್ಟಬಾರದ್ದು ಆಗುತ್ತದಲ್ಲ, ಅದು.

ಮಕ್ಕಳ ಕಡೆಯಿಂದಲೂ ಒಂದು ಮಾತಿದೆ. “ಅಮ್ಮ ಒಬ್ಬಳೇ ಇರುವುದು. ಕೈ ಸುಟ್ಟುಕೊಂಡರೆ, ಶಾಕ್ ಹೊಡೆದರೆ ಯಾರು ನೋಡುವುದು?” ಈ ಭಯ ಸುಳ್ಳಲ್ಲ, 200 ಡಿಗ್ರಿಯ ತಟ್ಟೆ ತಟ್ಟೆಯೇ. ಆದರೆ ಅದೇ ಅಮ್ಮ ದಿನಾ ಬೆಳಿಗ್ಗೆ ಬಚ್ಚಲ ಒಲೆಗೆ ಮಡಲು ಒಟ್ಟಿ ಬೆಂಕಿ ಹಾಕುತ್ತಾರೆ, ಗ್ಯಾಸಿನ ಸಿಲಿಂಡರ್ ಬದಲಿಸುತ್ತಾರೆ, ಕುದಿಯುವ ಎಣ್ಣೆಗೆ ಹಪ್ಪಳ ಬಿಡುತ್ತಾರೆ. ಜ್ವಾಲೆಯಿಲ್ಲದ, ಬಿಸಿ ಮಿತಿಮೀರದಂತೆ ಥರ್ಮೋಸ್ಟಾಟ್ ಇರುವ, ಹೆಚ್ಚಿನವುಗಳಲ್ಲಿ ಹೊತ್ತಿಗೆ ಸರಿಯಾಗಿ ತಾನೇ ಆರುವ ಟೈಮರ್ ಕೂಡ ಇರುವ ಪೆಟ್ಟಿಗೆ ಮಾತ್ರ ಅವರ ಕೈಗೆ ಅಪಾಯವಂತೆ. ಅವರ ಕೈಯ ಚಿಂತೆಗಿಂತ ವಸ್ತುವಿನ ರೇಟಿನ ಚಿಂತೆಯೇ ಇಲ್ಲಿ ದೊಡ್ಡದು ಅಂತ ನನಗೆ ಅನುಮಾನ. ಮಗ ಬಾಯಿಬಿಟ್ಟು ಹಾಗೆ ಹೇಳಿರಲಿಕ್ಕಿಲ್ಲ. “ಜಾಗ್ರತೆ ಹಾಂ” ಅಂದಿರಬಹುದು, ಅಷ್ಟೆ. ಹಾಳಾದರೆ ಸಾವಿರಗಟ್ಟಲೆ ಅಂತ ಅವರೇ ಅರ್ಥ ಮಾಡಿಕೊಂಡಿರುತ್ತಾರೆ. ಒರೆಸಲು ಬರುವ ಹೆಂಗಸಿನ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಗಾಜಿನ ಮೇಲೆ ಗೀರು ಬಿದ್ದರೆ ಮೊದಲು ಕೇಳುವುದು ಅವಳನ್ನು. ಅದರಲ್ಲಿ ಬೆಂದದ್ದರ ರುಚಿಯೇ ಗೊತ್ತಿಲ್ಲದವಳು ಅದಕ್ಕೆ ಜವಾಬ್ದಾರಳು.

ಬಳಸದೆ ಇಟ್ಟರೂ ಚೆನ್ನಾಗಿ ನೋಡಿಕೊಳ್ಳುವ ವಸ್ತುಗಳು ಇಲ್ಲವೇ ಅಂತ ನೀವು ಕೇಳಬಹುದು. ಇವೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಆ ಹೊತ್ತಿನಲ್ಲಿ ಬಲೆ ಹೆಣೆಯುವುದು, ಬಣ್ಣ ಹಚ್ಚುವುದು, ಇಂಜಿನ್ ರಿಪೇರಿ. ಆದರೆ ಬಲೆಯ ತೂತು ಮುಚ್ಚುವ ಕೈ ಆಗಸ್ಟಿನಲ್ಲಿ ಅದೇ ಬಲೆ ಎಳೆಯುವ ಕೈ. ಸಿಕ್ಕ ಮೀನಿನಲ್ಲಿ ಆ ಕೈಗೂ ಪಾಲಿದೆ. ಆ ಬೋಟಿಗೆ ಅದು ವಿಶ್ರಾಂತಿಯ ಕಾಲ. ವರ್ಷಕ್ಕೆ ಐದು ದಿನ ಉರಿಯುವ ಓವನ್ನಿನ ಕಥೆಯೇ ಬೇರೆ.

ಇನ್ನೊಂದು ಕಾಣಿ. ಹೊಸ್ತಿನ ದಿನ ಹೊಸ ಭತ್ತದ ಕದಿರನ್ನು ಬಾಗಿಲಿಗೆ, ಅಕ್ಕಿ ಮುಡಿಗೆ, ಬಾವಿಕಟ್ಟೆಗೆ, ತೆಂಗಿನಮರಕ್ಕೆ ಕಟ್ಟುತ್ತೇವಲ್ಲ. ಈಗ ಕೆಲವರು ಬೈಕಿಗೂ ಫ್ರಿಜ್ಜಿಗೂ ಕಟ್ಟುತ್ತಾರೆ. ನಗುವ ವಿಷಯ ಅಲ್ಲ ಅದು, ನಮ್ಮ ಊಟದಲ್ಲಿ ಕೈಜೋಡಿಸಿದ್ದಕ್ಕೆ ಲೆಕ್ಕ ಇಡುವ ರೀತಿ. ಓವನ್ನಿನ ಹಿಡಿಕೆಗೆ ಕದಿರು ಕಟ್ಟಿದ್ದನ್ನು ನಾನು ಇನ್ನೂ ನೋಡಿಲ್ಲ. ಕಟ್ಟಬಾರದು ಅಂತ ಶಾಸ್ತ್ರ ಏನಿಲ್ಲ. ಕಟ್ಟಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ, ಅಷ್ಟೆ.

ಹಾಗಾದರೆ ಓವನ್ ಬೇಕಾ? ಎಷ್ಟೋ ಮನೆಗಳಿಗೆ ಬೇಡವೇ ಬೇಡ. ಕೊಟ್ಟೆ ಕಡುಬಿಗೂ ಪತ್ರೊಡೆಗೂ ಬೇಕಾದದ್ದು ಹಬೆ. ಆದರೆ ಈಗಾಗಲೇ ಗೋಡೆ ಕೊರೆದು ಕೂರಿಸಿಯಾಗಿದ್ದರೆ, ಊರಿಗೆ ಬಂದ ಮಕ್ಕಳಿಗೆ ನನ್ನದೊಂದು ವಿನಂತಿ. ಮರಳಿ ಬಸ್ ಹತ್ತುವ ಮೊದಲು ಅರ್ಧ ಗಂಟೆ ಅಮ್ಮನ ಜೊತೆ, ಒರೆಸುವ ಹೆಂಗಸನ್ನೂ ಕರೆದು, ಅದರ ಮುಂದೆ ಕೂತುಕೊಳ್ಳಿ. ನಾಬ್ ಮೇಲೆ ಸಾಮಾನ್ಯವಾಗಿ ಇಂಗ್ಲಿಷ್ ಇರುವುದಿಲ್ಲ, ಚಿತ್ರಗಳೇ ಇರುತ್ತವೆ. ಕೆಳಗೊಂದು ಗೆರೆ ಅಂದರೆ ಕೆಳಗಿನ ಬೆಂಕಿ, ಮೇಲೊಂದು ಗೆರೆ ಅಂದರೆ ಮೇಲಿನ ಬೆಂಕಿ, ಹಲ್ಲುಹಲ್ಲಿನ ಗೆರೆ ಗ್ರಿಲ್, ಪಂಖದ ಚಿತ್ರ ಬಿಸಿಗಾಳಿ. ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುವುದನ್ನು ಕಂಡ ಹಿರಿಯರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ತೊಳೆಯುವ ವಿಷಯವೂ ಇಷ್ಟೇ. ಸ್ವಿಚ್ ಆರಿಸಿ, ಪೂರ್ತಿ ತಣಿದ ಮೇಲೆ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ. ಒಳಗೆ ಜಿಡ್ಡು ಕರಕಲಾಗಿದ್ದರೆ ಅಡುಗೆ ಸೋಡಾ ಕಲಸಿ ಹಚ್ಚಿ ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸುವುದು, ಆದರೆ ಎಲಿಮೆಂಟಿಗೆ ತಾಗಿಸಬಾರದು. ಗಾಜಿಗೆ ಸ್ಟೀಲ್ ನಾರು ಬೇಡ, ಗೀರು ಬಿದ್ದ ಗಾಜು ಬಿಸಿಗೆ ಒಡೆಯಬಹುದು. ಬಾಗಿಲ ಸುತ್ತಿನ ರಬ್ಬರನ್ನು ಉಜ್ಜಬಾರದು. ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಬಾರದು, ಶಾಖ ಸಿಕ್ಕಿಬಿದ್ದು ತಳವೇ ಹಾಳಾಗುತ್ತದೆ. ಕಡಲ ಹತ್ತಿರದ ಮನೆಯಾದರೆ ಸ್ಟೀಲ್ ಹಿಡಿಕೆಯನ್ನು ಆಗಾಗ ಸಿಹಿನೀರಲ್ಲಿ ಒರೆಸಿ, ಉಪ್ಪುಗಾಳಿಗೆ ಸ್ಟೀಲೂ ಚುಕ್ಕೆ ಹಿಡಿಯುತ್ತದೆ.

ಏನು ಮಾಡುವುದು ಅಂತ ಅಮ್ಮ ಕೇಳಿಯೇ ಕೇಳುತ್ತಾರೆ. ಕೇಕ್ ಬೇಡ ಬಿಡಿ. ಮಳೆಗಾಲದಲ್ಲಿ ಮೆತ್ತಗಾದ ಹಲಸಿನಕಾಯಿ ಚಿಪ್ಸ್, ಗೇರುಬೀಜ, ಅವಲಕ್ಕಿ ತಟ್ಟೆಯಲ್ಲಿ ಹರಡಿ 100 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಇಡಲಿ. ಹೊರಗೆ ತೆಗೆದು ತಣಿದಾಗ ಕುರುಕಲು. ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡುತ್ತಿದ್ದರೆ ಎಲಿಮೆಂಟಿನೊಳಗಿನ ಆ ಬಿಳಿ ಪುಡಿಯೂ ಒಣಗಿರುತ್ತದೆ. ಒರೆಸಿ ಮುಗಿಸಿದ ಹೆಂಗಸಿಗೂ ಚಾದ ಜೊತೆ ಒಂದು ಮುಷ್ಟಿ ಬಿಸಿ ಗೇರುಬೀಜ ಸಿಗುತ್ತದೆ.