ಹೆಬ್ಬೆರಳನ್ನು ಕೇಳಿ ಕೋರ್ಸಿಗೆ ಸೇರಿ

ಬೆಂಗಳೂರಿನ ಯಾವ ಸ್ಪಾಗೆ ಹೋದರೂ ಗೋಡೆಯ ಮೇಲೊಂದು ದರಪಟ್ಟಿ ಇರುತ್ತದೆ. ಸ್ವೀಡಿಷ್, ಥಾಯ್, ಬಾಲಿನೀಸ್, ಡೀಪ್ ಟಿಶ್ಯೂ, ಹಾಟ್ ಸ್ಟೋನ್, ಅಭ್ಯಂಗ. ದರ್ಶಿನಿಯಲ್ಲಿ ಖಾಲಿ ದೋಸೆಯೋ ಸೆಟ್ ದೋಸೆಯೋ ಎಂದು ನೋಡುವಷ್ಟೇ ಹೊತ್ತಿನಲ್ಲಿ ಗಿರಾಕಿ ಒಂದನ್ನು ಆರಿಸಿಬಿಡುತ್ತಾನೆ. ಪರದೆಯ ಆಚೆ ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡುತ್ತಿರುವ ಹುಡುಗಿಯ ಆಯ್ಕೆ ಅಷ್ಟು ಸಲೀಸಲ್ಲ. ಮಣಿಪುರದಿಂದಲೋ ಮಿಜೋರಾಮಿನಿಂದಲೋ ಹಾಸನದ ಕಡೆಯಿಂದಲೋ ಬಂದವಳು. ಒಂದು ಬೇಸಿಕ್ ಕೋರ್ಸು ಮುಗಿಸಿ ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾಗಿದೆ. ಊರಿಗೆ ಕಳಿಸಿ ಮಿಕ್ಕ ಸಂಬಳದಲ್ಲಿ ಇನ್ನೊಂದು ಕೋರ್ಸಿಗೆ ಆಗುವಷ್ಟು ಕೂಡಿಟ್ಟಿದ್ದಾಳೆ. ಮೊಬೈಲು ತೆರೆದರೆ ಶನಿವಾರ-ಭಾನುವಾರದ ಸರ್ಟಿಫಿಕೇಟ್ ಕೋರ್ಸುಗಳ ಜಾಹೀರಾತು ಸಾಲುಗಟ್ಟಿ ಬರುತ್ತವೆ. ಯಾವುದಕ್ಕೆ ಸೇರಬೇಕು?

ಎಂಜಿನಿಯರಿಂಗ್ ಮುಗಿಸಿದ ಹುಡುಗನಿಗೆ ಎಂಟೆಕ್ಕೋ ಎಂಬಿಎಯೋ ಎಂದು ಮದುವೆಮನೆಯ ಪಂಕ್ತಿಯಲ್ಲೂ ಸಲಹೆ ಸಿಗುತ್ತದೆ. ಮೈ ಒತ್ತುವ ಕಸುಬಿನವರಿಗೆ ಸಲಹೆ ಕೊಡುವವರು ಬಹುಮಟ್ಟಿಗೆ ಕೋರ್ಸು ಮಾರುವವರೇ. ಸಂಬಂಧಿಕರ ಹತ್ತಿರ ಕೇಳೋಣವೆಂದರೆ, ಮಸಾಜ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವರ ಮುಖ ಬದಲಾಗುತ್ತದೆ. ಪೊಲೀಸ್ ದಾಳಿಯ ಸುದ್ದಿ ಓದಿ ಓದಿ ನಾವು ಈ ಕಸುಬಿಗೆ ಅಂಥದೊಂದು ಹೆಸರು ಅಂಟಿಸಿಬಿಟ್ಟಿದ್ದೇವೆ. ಅದೇ ನಾವು ಬೆನ್ನು ಹಿಡಿದುಕೊಂಡರೆ ಮೊದಲು ಹುಡುಕುವುದೂ ಇವರನ್ನೇ.

ದರಪಟ್ಟಿಯ ಹೆಸರುಗಳನ್ನೇ ಸ್ವಲ್ಪ ಕೆದಕಿ ನೋಡಿ. ಸ್ವೀಡಿಷ್ ಮಸಾಜನ್ನು ಸ್ವೀಡನ್ನಿನ ಪೇರ್ ಹೆನ್ರಿಕ್ ಲಿಂಗ್ ಕಂಡುಹಿಡಿದನೆಂದು ಎಷ್ಟೋ ಕಡೆ ಬರೆಸುತ್ತಾರೆ. ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಕಟ್ಟಿದ್ದು ಅಂಗಸಾಧನೆಯ ಸಂಸ್ಥೆ. ನೀವುವುದು, ಹಿಸುಕಿ ನಾದುವುದು, ಬೆರಳೂರಿ ತಿಕ್ಕುವುದು, ತಟ್ಟುವುದು ಎಂಬ ಪಟ್ಟುಗಳನ್ನು ಈಗಿನ ಕ್ರಮದಲ್ಲಿ ಜೋಡಿಸಿ, ಅವುಗಳ ಫ್ರೆಂಚ್ ಹೆಸರುಗಳನ್ನು ಚಾಲ್ತಿಗೆ ತಂದವನು ಹಾಲೆಂಡಿನ ವೈದ್ಯ ಯೋಹಾನ್ ಗಿಯೋರ್ಗ್ ಮೆಜ್ಗರ್. ಅವನು ಹುಟ್ಟಿದ ಮರುವರ್ಷವೇ ಲಿಂಗ್ ತೀರಿಕೊಂಡಿದ್ದ. ಸ್ವೀಡನ್ನಿನಲ್ಲಿ ಇದಕ್ಕೆ ಸ್ವೀಡಿಷ್ ಎನ್ನುವುದೂ ಇಲ್ಲವಂತೆ, ಬರೀ ಕ್ಲಾಸಿಕ್ ಮಸಾಜ್. ಹಾಟ್ ಸ್ಟೋನ್ ಯಾವುದೋ ಪುರಾತನ ವಿದ್ಯೆ ಎಂಬ ಗತ್ತಿನಲ್ಲಿ ಮೆರೆಯುತ್ತದೆ. ಬಿಸಿ ಕಲ್ಲಿನಿಂದ ಕಾವು ಕೊಡುವುದು ಹಳೆಯದೇ ಇರಬಹುದು, ಸ್ಪಾಗಳಲ್ಲಿ ಈಗ ಮಾಡುವ ರೀತಿಯನ್ನು ಅಮೆರಿಕದ ಅರಿಜೋನಾದ ಮೇರಿ ನೆಲ್ಸನ್ ರೂಪಿಸಿದ್ದು 1993ರಲ್ಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ ದುಂಡನೆಯ ಕೆಂಪು ಗುರುತು ಕಂಡದ್ದೇ ತಡ, ಮೈಮೇಲೆ ಬಟ್ಟಲು ಕವುಚಿ ಚರ್ಮ ಎಳೆಯುವ ಕಪ್ಪಿಂಗ್ ಕೋರ್ಸುಗಳು ಎಲ್ಲೆಡೆ ತಲೆ ಎತ್ತಿದವು. ಇದೂ ಹೊಸದೇನಲ್ಲ. ಕೊಂಬು, ಸೋರೆಬುರುಡೆ ಇಟ್ಟು ರಕ್ತ ತೆಗೆಯುವುದನ್ನು ಸುಶ್ರುತ ಹೇಳಿದ್ದಾನೆ. ಬೆಂಗಳೂರಿನ ಮಾಗಡಿ ರಸ್ತೆಯ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಹಿಜಾಮಾ ಎಂಬ ಹೆಸರಿನಲ್ಲಿ ಅದು ವೈದ್ಯರ ಕೈಯಲ್ಲಿದೆ. ಚರ್ಮ ಗೀರಿ ರಕ್ತ ತೆಗೆಯುವ ಕೆಲಸವನ್ನು ಎರಡು ದಿನದಲ್ಲಿ ಕಲಿಸುತ್ತೇವೆ ಎನ್ನುವವರ ಬಾಗಿಲಿಗೆ ಹೋಗಬಾರದು, ಅಷ್ಟೇ.

ಹೆಸರು ಹತ್ತಾದರೂ ಕೈಯ ಪಟ್ಟುಗಳು ನಾಲ್ಕೈದೇ. ಒಂದನ್ನು ಚೆನ್ನಾಗಿ ಬಲ್ಲವರಿಗೆ ದರಪಟ್ಟಿಯ ಅರ್ಧ ಬಾಬತ್ತು ಆಗಲೇ ಬಂದಿರುತ್ತದೆ. ನಿಧಾನವಾಗಿ, ಒಳಪದರದವರೆಗೆ ಇಳಿಯುವಂತೆ ಒತ್ತಿದರೆ ಡೀಪ್ ಟಿಶ್ಯೂ. ಅದೇ ಎಣ್ಣೆಗೆ ಎರಡು ಹನಿ ಲ್ಯಾವೆಂಡರ್ ಬಿದ್ದರೆ ಅರೋಮಾ. ಹೊಸ ಸರ್ಟಿಫಿಕೇಟಿನ ಆಸೆಗೆ ಇಂಥವಕ್ಕೆ ದುಡ್ಡು ಸುರಿಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಯಾವುದಕ್ಕೆ ಸುರಿಯಬೇಕು? ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಸ್ವಂತ ಹೆಬ್ಬೆರಳನ್ನು. ಬೆನ್ನುಮೂಳೆಯ ಪಕ್ಕದ ಸ್ನಾಯುವನ್ನು ಹೆಬ್ಬೆರಳಿನ ತುದಿಯಿಂದ ಒತ್ತುವವರನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಉಗುರಿನ ಹಿಂದಿನ ಗಿಣ್ಣು ಹಿಮ್ಮುಖವಾಗಿ ಬಾಗಿರುತ್ತದೆ. ಭಾರವೆಲ್ಲ ಹೋಗಿ ಕೂರುವುದು ಹೆಬ್ಬೆರಳು ಮಣಿಕಟ್ಟಿಗೆ ಸೇರುವ ಬುಡದ ಸಂದಿಯಲ್ಲಿ. ದಿನಕ್ಕೆ ಐದಾರು ಗಿರಾಕಿಗಳು, ವಾರಕ್ಕೆ ಆರು ದಿನ. ಮೊದಮೊದಲು ನೀರಿನ ಬಾಟಲಿಯ ಮುಚ್ಚಳ ತಿರುಗಿಸುವಾಗ ಚಳಕು ಬರುತ್ತದೆ, ಆಮೇಲೆ ಸ್ಕೂಟರಿನ ಕೀ ತಿರುಗಿಸುವಾಗ. ಈ ಕಸುಬನ್ನು ನಡುವೆಯೇ ಬಿಟ್ಟವರನ್ನು ಕೇಳಿ, ಬೇಜಾರಾಗಿ ಬಿಟ್ಟೆ ಎನ್ನುವವರಿಗಿಂತ ಕೈ ಹೋಗಿ ಬಿಟ್ಟೆ ಎನ್ನುವವರೇ ಹೆಚ್ಚು ಸಿಗುತ್ತಾರೆ.

ಆದ್ದರಿಂದ ಮುಂಗೈ, ಮೊಣಕೈ, ಮೈಭಾರ ಬಳಸಲು ಕಲಿಸುವ ತರಬೇತಿ ಯಾವುದೇ ಹೆಸರಿನಲ್ಲಿರಲಿ, ಅದಕ್ಕೆ ಮೊದಲ ಮಣೆ. ಹಿಂದಿನ ಕಾಲನ್ನು ನೆಲಕ್ಕೆ ಊರಿ, ಸೊಂಟದಿಂದ ಮುಂದಕ್ಕೆ ವಾಲಿದರೆ ಭಾರ ತಾನಾಗಿ ಇಳಿಯುತ್ತದೆ, ತೋಳು ಬರೀ ದಾರಿ ತೋರಿಸಿದರೆ ಸಾಕು. ಕೈ ಇಳಿಬಿಟ್ಟು ಮುಷ್ಟಿ ಹಿಡಿದರೆ ಬೆರಳ ಗಿಣ್ಣು ಎಲ್ಲಿಗೆ ಬರುತ್ತದೋ ಸುಮಾರಾಗಿ ಅಷ್ಟೇ ಎತ್ತರಕ್ಕೆ ಮಂಚ ಇರಬೇಕು. ಇಷ್ಟು ಸಣ್ಣ ಸಂಗತಿಯನ್ನೂ ಹೇಳಿಕೊಡದೆ ಸರ್ಟಿಫಿಕೇಟ್ ಕೊಡುವವರಿದ್ದಾರೆ. ಥಾಯ್ ಪದ್ಧತಿ ಹೆಬ್ಬೆರಳಿನ ಜೊತೆಗೆ ಅಂಗೈ, ಮೊಣಕಾಲು, ಪಾದಗಳನ್ನೂ ದುಡಿಸುತ್ತದೆ. ಎಣ್ಣೆಯಿಲ್ಲ, ಗಿರಾಕಿ ಸಡಿಲ ಬಟ್ಟೆ ತೊಟ್ಟು ಚಾಪೆಯ ಮೇಲೆ ಮಲಗಿರುತ್ತಾನೆ. ಬ್ಯಾಂಕಾಕಿನ ವಾಟ್ ಫೋ ದೇಗುಲದಲ್ಲಿ ದೊರೆ ಮೂರನೆಯ ರಾಮನ ಕಾಲದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ನರರೇಖೆಗಳ ಚಿತ್ರಗಳಿವೆ. ಯುನೆಸ್ಕೊ 2019ರಲ್ಲಿ ಈ ವಿದ್ಯೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲ ಸರಿ, ಗಂಟೆಗಟ್ಟಲೆ ನೆಲದ ಮೇಲೆ ಮಂಡಿಯೂರಲು ನಿಮ್ಮ ಮೊಣಕಾಲು ಒಪ್ಪುತ್ತದೆಯೇ? ನಲವತ್ತು ದಾಟಿದವರು ಅದನ್ನು ಯೋಚಿಸಿಯೇ ಟಿಕೆಟ್ ಮಾಡಿಸಬೇಕು.

ಹೆಬ್ಬೆರಳಾದ ಮೇಲೆ ಕೇಳಬೇಕಾದದ್ದು, ನಿಮ್ಮ ಮಂಚದ ಮೇಲೆ ಯಾರು ಬಂದು ಮಲಗುತ್ತಾರೆ ಎಂಬುದು. ವೈಟ್‌ಫೀಲ್ಡಿನಲ್ಲಿ ಬರುವವು ಕಂಪ್ಯೂಟರಿಗೆ ಬಾಗಿದ ಕುತ್ತಿಗೆಗಳು. ಮೈಸೂರಿನ ಗರಡಿಮನೆಯ ಪಕ್ಕ ಅಂಗಡಿ ಇಟ್ಟವರಿಗೆ ಪೈಲ್ವಾನರ ಹೆಗಲು. ತಾಲ್ಲೂಕು ಊರುಗಳಲ್ಲಿ ಕಳೆ ಕಿತ್ತು, ನಾಟಿ ಹಾಕಿ ಸೊಂಟ ಹಿಡಿದ ಹೆಂಗಸರು. ಇವರಿಗೆಲ್ಲ ಬಾಲಿನೀಸ್ ಯಾಕೆ?

ನನಗೆ ಪರಿಚಯದ ಒಬ್ಬಾಕೆ ಮೈಸೂರಿನ ಹೋಟೆಲೊಂದರ ಸ್ಪಾದಲ್ಲಿದ್ದಳು. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಬಲತೋಳು ಎಡದ್ದಕ್ಕಿಂತ ಎದ್ದು ಕಾಣುವಷ್ಟು ದಪ್ಪ, ಬಳೆ ಇದ್ದದ್ದು ಎಡಗೈಯಲ್ಲಿ ಮಾತ್ರ. “ಮೇಡಂ, ಈ ಕೈ ಯಾಕೆ ಊದಿಕೊಂಡಿದೆ?” ಎಂದು ಇವಳು ಕೇಳಿದಳು. “ಎದೆ ಗಡ್ಡೆ ಆಪರೇಷನ್ ಆಯ್ತಲ್ಲಮ್ಮ, ಅವಾಗಿಂದ ಹೀಗೆ. ಇದನ್ನೇ ಚೆನ್ನಾಗಿ ಒತ್ತಿ ಇಳಿಸಿಕೊಡು” ಎಂದರು. ಇವಳಿಗೆ ಕೈ ಮುಂದಕ್ಕೆ ಹೋಗಲಿಲ್ಲ. ಆ ತೋಳೊಂದನ್ನು ಬಿಟ್ಟು ಕಾಲು, ಪಾದ ಒತ್ತಿ ಕಳಿಸಿದಳು. ಮ್ಯಾನೇಜರ್ ಗೊಣಗಿದ್ದೂ ಆಯಿತು.

ಅವಳ ಅಳುಕು ಸರಿಯಾದದ್ದೇ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ತೋಳಿನ ದ್ರವ ಹರಿದು ಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಜೋರಾಗಿ ಹಿಸುಕಿದರೆ ಊತ ಇಳಿಯುವ ಬದಲು ಏರಲೂಬಹುದು. ಅದಕ್ಕೆಂದೇ ಬೇರೆ ಕೈಚಳಕವಿದೆ. ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿ 1930ರ ದಶಕದಲ್ಲಿ ಫ್ರಾನ್ಸಿನಲ್ಲಿದ್ದಾಗ ಅದನ್ನು ರೂಪಿಸಿದರು. ಒತ್ತಡ ಎಷ್ಟು ಹಗುರವೆಂದರೆ, ಚರ್ಮವನ್ನು ಅದರ ಕೆಳಗಿನ ಪದರದ ಮೇಲೆ ಮೆಲ್ಲಗೆ ಸರಿಸಿ ಬಿಟ್ಟಂತೆ. ಮೊದಲು ಕುತ್ತಿಗೆ ಮತ್ತು ಆರೋಗ್ಯವಾಗಿರುವ ಪಕ್ಕದ ಭಾಗ, ಆಮೇಲೆ ಊದಿದ ತೋಳು. ಮುಗಿದ ಮೇಲೆ ಪಟ್ಟಿ ಕಟ್ಟಬೇಕು, ವ್ಯಾಯಾಮ ಹೇಳಿಕೊಡಬೇಕು, ಡಾಕ್ಟರ ಜೊತೆ ಮಾತಾಡುತ್ತಿರಬೇಕು. ಬಲವಾಗಿ ಒತ್ತುವುದೇ ಒಳ್ಳೆಯ ಮಸಾಜ್ ಎಂದು ನಂಬಿ ಬೆಳೆದ ಕೈಗೆ ಇದನ್ನು ಕಲಿಯುವುದು ಕಷ್ಟ. ನಮ್ಮ ಈ ಹುಡುಗಿ ಹಾಟ್ ಸ್ಟೋನಿಗೆಂದು ಇಟ್ಟಿದ್ದ ದುಡ್ಡನ್ನು ಇದಕ್ಕೆ ಕಟ್ಟಿದಳು. ಮೊದಲ ವಾರವೆಲ್ಲ ಶಿಕ್ಷಕಿ ಹೇಳುತ್ತಿದ್ದದ್ದು ಒಂದೇ ಮಾತಂತೆ: ಇನ್ನೂ ಹಗುರ, ಇನ್ನೂ ಹಗುರ.

ಬಾಣಂತಿ-ಕೂಸುಗಳ ಕಡೆಗೆ ಹೋಗುವವರಿಗೆ ನಮ್ಮಲ್ಲಿ ಕೆಲಸಕ್ಕೆ ಬರವಿಲ್ಲ. ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯರು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ, ನಗರಗಳಲ್ಲಿ ಏಜೆನ್ಸಿಗಳು ತಿಂಗಳ ಲೆಕ್ಕದಲ್ಲಿ ಜನ ಕಳಿಸುತ್ತವೆ. ಬಚ್ಚಲಿನಲ್ಲಿ ಕಾಲು ನೀಡಿ ಕೂತು, ಮೊಣಕಾಲಿನ ಕೆಳಗಿನ ಇಳಿಜಾರಿನಲ್ಲಿ ಕೂಸನ್ನು ಮಲಗಿಸಿ ಎಣ್ಣೆ ಹಚ್ಚುವ ಆ ಭಂಗಿ ಇದೆಯಲ್ಲ, ಅದನ್ನೇ ಕೋಲ್ಕತ್ತದಲ್ಲಿ ಕಂಡು ಬೆರಗಾಗಿ ಫ್ರಾನ್ಸಿನ ಹೆರಿಗೆ ವೈದ್ಯ ಫ್ರೆಡೆರಿಕ್ ಲಬೋಯೆ 1976ರಲ್ಲಿ ಪುಸ್ತಕ ಬರೆದ, ಅಲ್ಲಿ ಕಂಡ ತಾಯಿ ಶಾಂತಲಾಳ ಹೆಸರನ್ನೇ ಅದಕ್ಕಿಟ್ಟ. ಹತ್ತು ವರ್ಷದ ಮೇಲೆ, 1986ರಲ್ಲಿ, ಅಮೆರಿಕದ ಮಯಾಮಿಯಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೈಯನ್ನು ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷದಂತೆ ಹತ್ತು ದಿನ ನೀವಿಸಿ, ಕೈಕಾಲು ಆಡಿಸಿ ನೋಡಿದರು. ಬೇರೆ ಶಿಶುಗಳಿಗಿಂತ ಅವು ದಿನಕ್ಕೆ ಶೇಕಡಾ 47ರಷ್ಟು ಹೆಚ್ಚು ತೂಕ ಕಟ್ಟಿದವು. ನಮ್ಮ ಅಜ್ಜಿಯರು ಇದನ್ನು ಓದದೆಯೇ ಬಲ್ಲವರು ಎಂದು ಬೀಗಬಹುದು. ಬೀಗುವ ಮೊದಲು, ಮೂಗು ನೇರವಾಗಲಿ ಎಂದು ಎಳೆಯುವುದು, ಕೂಸಿನ ಎದೆ ಹಿಂಡುವುದು, ಕಿವಿ-ಮೂಗಿಗೆ ಎಣ್ಣೆ ಬಿಡುವುದು, ಬಚ್ಚಲ ತುಂಬ ಹೊಗೆ ಹಾಕುವುದು, ಇವನ್ನೂ ಅವರೇ ಮಾಡುತ್ತಿದ್ದರೆಂಬುದು ನೆನಪಿರಲಿ. ಮಕ್ಕಳ ಡಾಕ್ಟರುಗಳು ಇವನ್ನು ಬೇಡವೆಂದು ಹೇಳಿ ಹೇಳಿ ಸೋತಿದ್ದಾರೆ. ಈ ದಾರಿ ಹಿಡಿಯುವವರ ತರಬೇತಿಯಲ್ಲಿ ಅರ್ಧಪಾಲು ಬಿಡುವುದನ್ನು ಕಲಿಯುವುದೇ.

ಆಯುರ್ವೇದದ ಕಡೆ ಒಲವಿದ್ದವರು ಪಂಚಕರ್ಮ ಟೆಕ್ನಿಶಿಯನ್ ಆಗಬಹುದು. ಅಲ್ಲಿ ಎಣ್ಣೆ ಯಾವುದು, ಎಷ್ಟು ಹೊತ್ತು ಎಂಬುದನ್ನು ವೈದ್ಯರು ಬರೆದುಕೊಡುತ್ತಾರೆ, ಇಬ್ಬರು ದ್ರೋಣಿಯೆಂಬ ಎಣ್ಣೆಮಂಚದ ಎರಡು ಬದಿಗೆ ನಿಂತು ಕೈಗೆ ಕೈ ಹೊಂದಿಸಿ ತಿಕ್ಕುತ್ತಾರೆ. ಉಡುಪಿ, ಹಾಸನದ ಆಯುರ್ವೇದ ಕಾಲೇಜು ಆಸ್ಪತ್ರೆಗಳು, ಧರ್ಮಸ್ಥಳದ ಕಡೆಯ ಪ್ರಕೃತಿ ಚಿಕಿತ್ಸಾಲಯ ಇಂಥ ಕೈಗಳನ್ನು ಬಯಸುವ ಜಾಗಗಳು. ಟಿಪ್ಸ್ ಕಡಿಮೆ, ಮರ್ಯಾದೆ ಜಾಸ್ತಿ. ಮನೆಯಲ್ಲೂ ಧೈರ್ಯವಾಗಿ ಹೇಳಿಕೊಳ್ಳಬಹುದು, ಅದೇನು ಸಣ್ಣ ಲಾಭವಲ್ಲ.

ಕೊನೆಗೆ ಎಲ್ಲವೂ ನಿಲ್ಲುವುದು ಕಲಿಸುವವರ ಮೇಲೆ. ಮಸಾಜ್ ಮೈಯ ವಿಷವನ್ನೆಲ್ಲ ಹೊರಹಾಕುತ್ತದೆ, ಸ್ನಾಯುವಿನ ಲ್ಯಾಕ್ಟಿಕ್ ಆಸಿಡ್ ತೊಳೆಯುತ್ತದೆ ಎಂದು ಶುರುವಿಗೇ ಹೇಳಿದರೆ ಎಚ್ಚರವಾಗಿ. ಓಡಿ ದಣಿದವನ ಲ್ಯಾಕ್ಟಿಕ್ ಆಸಿಡ್ ಯಾರೂ ಮುಟ್ಟದಿದ್ದರೂ ಸುಮಾರು ಒಂದು ಗಂಟೆಯಲ್ಲಿ ತಾನೇ ಇಳಿದುಹೋಗುತ್ತದೆ. ಮಸಾಜಿನಿಂದ ನೋವು ಕೆಲಕಾಲ ತಗ್ಗುತ್ತದೆ, ನಿದ್ದೆ ಬರುತ್ತದೆ, ಮನಸ್ಸು ಸಡಿಲವಾಗುತ್ತದೆ. ಕಾಸು ತೆಗೆದುಕೊಳ್ಳಲು ಇಷ್ಟು ಸಾಲದೇ? ಅಭ್ಯಂಗವನ್ನು ದಿನವೂ ಮಾಡಿ ಎಂದ ಆಯುರ್ವೇದದ ವಾಗ್ಭಟನೇ ಕಫ ಕಟ್ಟಿದವರಿಗೆ, ಅಜೀರ್ಣವಾದವರಿಗೆ ಬೇಡ ಎಂದೂ ಹೇಳಿದ. ಈಗಿನ ಬೇಡಗಳ ಪಟ್ಟಿ ಇನ್ನೂ ಉದ್ದ. ಜ್ವರ, ಚರ್ಮದ ಸೋಂಕು, ಹೊಸ ಮುರಿತ. ಎಲ್ಲಕ್ಕಿಂತ ಭಯದ್ದು, ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುವುದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ, ಒತ್ತಿದಾಗ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು. ದೂರದ ವಿಮಾನದಿಂದ ಇಳಿದು ನೇರ ಸ್ಪಾಗೆ ಬಂದು, ಕಾಲು ಹಿಡಿದಿದೆ, ಜೋರಾಗಿ ಒತ್ತು ಎನ್ನುವವರ ಕಾಲನ್ನು ಒಮ್ಮೆ ಜೋಡಿಸಿ ನೋಡಿ ಅಳತೆ ಮಾಡುವುದನ್ನು ಕಲಿಸದ ಕೋರ್ಸು ಎಷ್ಟು ದಿನದ್ದಾದರೇನು?

ಅಡ್ವಾನ್ಸ್ ಕಟ್ಟುವ ಮೊದಲು ಆ ಶಿಕ್ಷಕರ ಬಳಿ ಗಿರಾಕಿಯಾಗಿ ಒಂದು ಗಂಟೆ ಮಲಗಿ ಬನ್ನಿ. ಅವರು ಯಾವ ಬೆರಳಿಂದ ಒತ್ತುತ್ತಾರೆ, ಮಂಚದ ಎತ್ತರ ಸರಿಪಡಿಸಿಕೊಳ್ಳುತ್ತಾರೆಯೇ, ಮುಟ್ಟುವ ಮೊದಲು ನಿಮ್ಮ ಬಿಪಿ, ಶುಗರು, ಆಪರೇಷನ್ನು ವಿಚಾರಿಸುತ್ತಾರೆಯೇ ಎಂದು ಗಮನಿಸಿ. ಎದ್ದು ಹೊರಡುವಾಗ ಕೇಳಿ: “ಮೇಡಂ, ನೀವು ಕೊನೆಯ ಸಲ ಯಾರನ್ನು ಮುಟ್ಟದೆ ಡಾಕ್ಟರ ಹತ್ತಿರ ಕಳಿಸಿದಿರಿ?” ಥಟ್ಟನೆ ಉತ್ತರ ಬಂದರೆ ಫಾರಂ ಇಸಿದುಕೊಂಡು ಬನ್ನಿ.