ಮಾಗಿಯ ಉಪವಾಸವೂ ಕಾಯರಕ್ಷಣೆಯೂ

ಮಾರ್ಗಶಿರ ಪುಷ್ಯ ಮಾಸಗಳ ಚಳಿಯಲ್ಲಿ ಚನ್ನಗಿರಿಯ ತೋಟದ ಮನೆಗಳಲ್ಲಿ ಅಡಿಕೆ ಸುಲಿಯುವ ಕೆಲಸ ರಾತ್ರಿ ಬಹಳ ಹೊತ್ತಿನವರೆಗೆ ಸಾಗುವುದುಂಟು. ಹೊನ್ನಾಳಿ ನ್ಯಾಮತಿಗಳ ಕಡೆ ಭತ್ತ ಮೆಕ್ಕೆಜೋಳಗಳ ಕಣಗೆಲಸ. ಜಗಳೂರಿನ ಬಯಲಿನಲ್ಲಿ ಒಣಗಾಳಿ. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಂದ ವಿದ್ಯೆಗೆಂದೋ ಉದ್ಯೋಗಕ್ಕೆಂದೋ ಬೆಂಗಳೂರನ್ನು ಸೇರಿದ ಮಕ್ಕಳು ಡಿಸೆಂಬರ್ ಕೊನೆಯ ವಾರದ ರಜೆಗೆ ತಾಯಿತಂದೆಗಳ ಮನೆಗೆ ಬರುವುದೂ ಈ ಕಾಲದಲ್ಲಿಯೇ. ಪಾರ್ಶ್ವನಾಥ ತೀರ್ಥಂಕರರ ಜನ್ಮಕಲ್ಯಾಣದ ಮಾರ್ಗಶಿರ ಬಹುಳ ಏಕಾದಶಿಯು ಕೆಲವು ವರ್ಷಗಳಲ್ಲಿ ಆ ರಜೆಯ ನಡುವೆಯೇ ಬೀಳುತ್ತದೆ. ಆಗ ಒಂದೇ ಸೂರಿನಡಿಯಲ್ಲಿ ಉಪವಾಸವೂ ಉತ್ಸವವೂ ಎದುರುಬದುರಾಗಿ ನಿಲ್ಲುತ್ತವೆ.

ಇಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಪ್ಪತ್ತು ದಾಟಿದ ಶ್ರಾವಕಿ. ಮಧುಮೇಹಕ್ಕೂ ರಕ್ತದ ಒತ್ತಡಕ್ಕೂ ನಿತ್ಯ ಔಷಧಿ. ಆಕೆ ಹಿಂದಿನ ದಿನ ಏಕಭುಕ್ತ, ಏಕಾದಶಿಯಂದು ನಿರಾಹಾರ, ಮರುದಿನ ಮತ್ತೆ ಏಕಭುಕ್ತವೆಂದು ಪ್ರೋಷಧೋಪವಾಸವನ್ನು ಸಂಕಲ್ಪಿಸಿದ್ದಾರೆ. ಹದಿನಾರು ಪ್ರಹರಗಳೆಂದರೆ 48 ಗಂಟೆಗಳು, ನೀರೂ ಇಲ್ಲ. ಮಗನು ತಡೆಯುತ್ತಾನೆ. ದೇಹವು ಪುದ್ಗಲ, ಅದರ ಮೇಲೆ ಮಮಕಾರವೇಕೆ ಎಂದು ತಾಯಿಯ ಉತ್ತರ. ಈ ಉತ್ತರವು ಶಾಸ್ತ್ರಸಮ್ಮತವಾಗಿ ಕೇಳಿಸುವುದರಿಂದ ಮಗನಿಗೆ ಮಾತು ಹೊರಡುವುದಿಲ್ಲ. ಆದರೆ ಅದು ಶಾಸ್ತ್ರದ ಅರ್ಧಭಾಗ ಮಾತ್ರ.

ಪ್ರಮಾದಯೋಗದಿಂದ ಪ್ರಾಣಗಳಿಗೆ ಹಾನಿಯುಂಟುಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳಿದೆ. ಅಲ್ಲಿ ಅನ್ಯರ ಪ್ರಾಣವೆಂದು ಸೀಮೆ ಹಾಕಿಲ್ಲ. ಪ್ರಾಣಗಳು ಹತ್ತು: ಪಂಚೇಂದ್ರಿಯಗಳು, ಮನೋವಚನಕಾಯಗಳೆಂಬ ಮೂರು ಬಲಗಳು, ಆಯು, ಉಚ್ಛ್ವಾಸ. ಕಾಯಬಲವೂ ಒಂದು ಪ್ರಾಣವೆಂದಮೇಲೆ ಅಜಾಗರೂಕತೆಯಿಂದ ತನ್ನ ಕಾಯಬಲವನ್ನು ಕುಂದಿಸಿಕೊಳ್ಳುವವನು ಅಹಿಂಸಾವ್ರತದ ಹೊರಗಿರುತ್ತಾನೆಯೆ? ಇರುವೆಯನ್ನು ತಪ್ಪಿಸಿ ಕಾಲಿಡುವವನು ತನ್ನ ಕಾಲನ್ನೇ ಮುಳ್ಳಿನ ಮೇಲೆ ಇಟ್ಟರೆ ಅದು ತ್ಯಾಗವೆನಿಸದು. ಅಲ್ಲಿಯೂ ಪ್ರಮಾದವೇ ಇದೆ.

ಶೀತವನ್ನೂ ಕ್ಷುಧೆಯನ್ನೂ ತೃಷೆಯನ್ನೂ ಸಹಿಸಬೇಕೆಂದು ಇಪ್ಪತ್ತೆರಡು ಪರೀಷಹಗಳಲ್ಲಿ ಹೇಳಿಲ್ಲವೆ ಎಂಬ ಆಕ್ಷೇಪಣೆ ಬರಬಹುದು. ಹೇಳಿದೆ. ಆದರೆ ಪರೀಷಹಜಯವು ಮುಖ್ಯವಾಗಿ ಮುನಿಧರ್ಮದ ಮಾತು. ಅದೂ ಮಾರ್ಗದಿಂದ ಜಾರದಿರಲೆಂದು, ತಾನಾಗಿ ಬಂದುದನ್ನು ತಾಳಿಕೊಳ್ಳುವ ಮಾತು. ಗೃಹಸ್ಥರಿಗೆ ಹೇಳಿದ ತಪಸ್ಸಾದರೋ ಶಕ್ತಿಯ ಅಳತೆಯೊಳಗಿನದು. ಷೋಡಶಕಾರಣ ಭಾವನೆಗಳಲ್ಲಿ ಬರುವ ಹೆಸರೇ ಶಕ್ತಿತಸ್ತಪ. ಶಕ್ತಿಯನ್ನು ಮರೆಮಾಚಿ ತಪ್ಪಿಸಿಕೊಳ್ಳಬಾರದು, ಇಲ್ಲದ ಶಕ್ತಿಯನ್ನು ಇದೆಯೆಂದು ನಟಿಸಲೂಬಾರದು. ಮೊದಲನೆಯ ದೋಷವನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ಎರಡನೆಯದಕ್ಕೆ ನಮ್ಮ ಬಸದಿಗಳಲ್ಲಿ ಹಾರ ಹಾಕುವುದೂ ಉಂಟು!

ಸಮಂತಭದ್ರಾಚಾರ್ಯರ ಕಥೆಯು ಇಲ್ಲಿ ನೆನಪಿಗೆ ಬರುತ್ತದೆ. ಭಸ್ಮಕವ್ಯಾಧಿಯಿಂದ ಬಳಲಿ ಅವರು ಗುರುಗಳಲ್ಲಿ ಸಲ್ಲೇಖನೆಯನ್ನು ಬೇಡಿದರೆಂದೂ, ಧರ್ಮಪ್ರಭಾವನೆ ಅವರಿಂದ ಇನ್ನೂ ಆಗಬೇಕಾಗಿರುವುದರಿಂದ ಗುರುಗಳು ಒಪ್ಪದೆ ರೋಗವನ್ನು ಶಮನಗೊಳಿಸಿಕೊಳ್ಳಲು ಹೇಳಿದರೆಂದೂ ನಮ್ಮ ಪರಂಪರೆಯು ಹೇಳುತ್ತದೆ. ದೇವಚಂದ್ರನ ರಾಜಾವಳೀಕಥೆಯಲ್ಲಿಯೂ ಈ ವೃತ್ತಾಂತವಿದೆ. ಹೊಟ್ಟೆ ತುಂಬ ಉಣ್ಣುವುದಕ್ಕಾಗಿ ದೀಕ್ಷೆಯನ್ನೇ ಕೆಲಕಾಲ ಬಿಡಬೇಕಾಯಿತು. ವ್ಯಾಧಿ ಶಮನವಾದಮೇಲೆ ಅವರು ಮತ್ತೆ ದೀಕ್ಷೆಯನ್ನು ಧರಿಸಿದರು. ಅವರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನೆಗೆ ಹೇಳುವ ಸಂದರ್ಭಗಳು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಜರೆ, ರುಜೆಗಳು ಮಾತ್ರ. ಔಷಧಿಗೆ ಮಣಿಯುವ ಮಧುಮೇಹವು ಆ ಪಟ್ಟಿಯಲ್ಲಿ ಸೇರದು. ಬೆಳಗಾವಿ ಸೀಮೆಯವರಾದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಕೈಗೊಂಡದ್ದು ಕಣ್ಣಿನ ದೃಷ್ಟಿ ಕುಂದಿ, ಜೀವದಯೆಯಿಂದ ನಡೆಯುವ ವ್ರತವೇ ಅಸಾಧ್ಯವಾಗತೊಡಗಿದಾಗ. ಅಲ್ಲಿಯತನಕ ಆ ಶರೀರವು ವ್ರತಕ್ಕೆ ಸಾಧನವಾಗಿಯೇ ಉಳಿದಿತ್ತು.

ಅದೇ ಶ್ರಾವಕಾಚಾರವು ಎಂಟು ಮದಗಳನ್ನು ಎಣಿಸುವಾಗ ತಪೋಮದವನ್ನೂ ವಪುಮದವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ದೇಹವನ್ನು ಮೆರೆಸುವವನೂ ಉಪವಾಸವನ್ನು ಮೆರೆಸುವವನೂ ಪಕ್ಕದ ಮಣೆಗಳವರೇ. ಮೇಲೆ ಹೇಳಿದ ಮಗನೂ ಇದನ್ನು ಕೇಳಿಸಿಕೊಳ್ಳುವುದು ಒಳ್ಳೆಯದು. ತಾಯಿಗೆ ಬುದ್ಧಿ ಹೇಳುವ ಅವನು ಹೊಸವರ್ಷದ ನೆಪದಲ್ಲಿ ನಡುರಾತ್ರಿಯವರೆಗೆ ಉಂಡು, ಮೊಟ್ಟೆ ಬೆರೆತ ಕೇಕನ್ನು ವಿಚಾರಿಸದೆ ತಿಂದು, ಹತ್ತು ಗಂಟೆಗೆ ಹೊರಳಿ ಏಳುವವನಾದರೆ ಅವನ ಕಾಯರಕ್ಷಣೆಯ ಮಾತಿಗೆ ಬೆಲೆಯೇನು? ಇನ್ನೊಂದು ಸಂಗತಿಯನ್ನಂತೂ ನಮ್ಮ ಮನೆಗಳು ಗಮನಿಸುವುದೇ ಇಲ್ಲ. ಸಂಜೆ ಐದಕ್ಕೆ ಉಂಡು ಕೈತೊಳೆದ ತಾಯಿ, ಗುಟುಕು ನೀರೂ ಕುಡಿಯದೆ, ರಜೆಗೆ ಬಂದವರಿಗಾಗಿ ರಾತ್ರಿ ಒಂಬತ್ತಕ್ಕೆ ಒಲೆಯ ಮುಂದೆ ನಿಂತಿರುತ್ತಾಳೆ. ವ್ರತ ಅವಳದು, ಉಲ್ಲಂಘನೆ ಇತರರದು, ಆಯಾಸ ಮತ್ತೆ ಅವಳದೇ. ಕೃತಕಾರಿತಾನುಮೋದನಗಳನ್ನು ಬಾಯಿಪಾಠ ಮಾಡಿದ ಮನೆಯಲ್ಲಿಯೇ ಇದು ನಡೆಯುತ್ತದೆ.

ಮಾಗಿಯ ಇರುಳು ದೀರ್ಘ. ಈ ಸೀಮೆಯಲ್ಲಿ ಡಿಸೆಂಬರ್ ಕೊನೆಗೆ ಸೂರ್ಯನು ಸುಮಾರು ಆರು ಗಂಟೆಗೆ ಮುಳುಗಿ ಬೆಳಿಗ್ಗೆ 6-50ರ ಹೊತ್ತಿಗೆ ಮೂಡುತ್ತಾನೆ. ಅಸ್ತಕ್ಕೆ ಎರಡು ಘಳಿಗೆ ಮೊದಲು, ಅಂದರೆ 48 ನಿಮಿಷ ಮುಂಚೆ, ಉಂಡು ಮುಗಿಸಿ ಉದಯವಾಗಿ ಎರಡು ಘಳಿಗೆ ಕಳೆದ ಮೇಲೆ ಬಾಯಿ ತೆರೆಯುವವರಿಗೆ ನಿತ್ಯವೂ 14 ಗಂಟೆಗಳ ನಿರಾಹಾರವು ಇದ್ದೇ ಇದೆ. ಚಳಿಯಲ್ಲಿ ಬಾಯಾರಿಕೆ ತೋರದ ಕಾರಣ ವೃದ್ಧರು ಹಗಲಿನಲ್ಲಿಯೂ ನೀರನ್ನು ಮರೆಯುತ್ತಾರೆ. ಸೋಸಿ ಕುದಿಸಿದ ನೀರನ್ನು ಹಗಲೆಲ್ಲ ಸ್ವಲ್ಪಸ್ವಲ್ಪವಾಗಿ ಕುಡಿಯುವುದರಲ್ಲಿ ಯಾವ ವ್ರತಭಂಗವೂ ಇಲ್ಲ. ಶೀತದಿಂದ ರಕ್ತನಾಳಗಳು ಸಂಕುಚಿಸಿ ಒತ್ತಡವು ಏರುವುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆದುದರಿಂದ ಬಸದಿಗೆ ಹೋಗುವ ಮುನ್ನ ಹಿರಿಯರು ನಸುಕಿನಲ್ಲಿ ತಣ್ಣೀರು ಮೀಯುವ ಹಠವನ್ನು ಬಿಡುವುದು ಲೇಸು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದರೆ ವಿಷಾನಿಲದಿಂದ ಪ್ರಾಣವೇ ಹೋದೀತು. ಮಧುಮೇಹದ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ ಕುಸಿದು ಮೂರ್ಛೆ ಬರಬಹುದು. ಉಪವಾಸಕ್ಕಾಗಿ ತಾನೇ ಔಷಧಿ ನಿಲ್ಲಿಸಿದರೂ ಅಪಾಯವೇ. ವೈದ್ಯರನ್ನು ಕೇಳಬೇಕಾದದ್ದು ಸಂಕಲ್ಪಕ್ಕೆ ಮೊದಲು. ಸಂಕಲ್ಪವಾದಮೇಲೆ ಕೇಳಿದರೆ ವೈದ್ಯರಿಗೂ ಸಂಕಟ, ವ್ರತಕ್ಕೂ ಸಂಕಟ.

ಋತುವನ್ನು ನೋಡಿ ನಡೆಯುವುದು ಹೊಸ ಮಾತಲ್ಲ. ಹಿಟ್ಟಿನ ಮರ್ಯಾದೆಯನ್ನು ಹೇಳುವಾಗ ಮಳೆಗಾಲಕ್ಕೆ ಮೂರು ದಿನ, ಬೇಸಿಗೆಗೆ ಐದು, ಚಳಿಗಾಲಕ್ಕೆ ಏಳು ಎಂದು ಹಿರಿಯರು ಬೇರೆಬೇರೆ ಕಟ್ಟಳೆಯಿಟ್ಟರು. ಹಿಟ್ಟಿಗೆ ಕಾಲವನ್ನು ನೋಡಿದವರು ಮುಪ್ಪಿನ ಶರೀರಕ್ಕೆ ನೋಡಬೇಡವೆಂದಾರೆಯೆ? ಅನಶನವು ಬಾಹ್ಯತಪಗಳಲ್ಲಿ ಮೊದಲನೆಯದು ನಿಜ. ಅವಮೌದರ್ಯ, ರಸಪರಿತ್ಯಾಗಗಳೂ ಅಲ್ಲಿಯೇ ಇವೆ. ತುಪ್ಪವನ್ನೋ ಉಪ್ಪನ್ನೋ ಬಿಟ್ಟು ಹಸಿವಿಗಿಂತ ನಾಲ್ಕು ತುತ್ತು ಕಡಿಮೆ ಉಂಡು, ಉಳಿದ ಹೊತ್ತನ್ನು ಸ್ವಾಧ್ಯಾಯಕ್ಕೆ ಕೊಡುವವರ ಏಕಾದಶಿಯು ಕುಂದಾಗುವುದಿಲ್ಲ. ತರುಣರಿಗೆ ಯಾವಜ್ಜೀವದ ಯಮವು ಭಾರವೆನಿಸಿದರೆ ಕಾಲಮಿತಿಯ ನಿಯಮವಿದೆ. ರಜೆಯ ಹತ್ತು ದಿನ ರಾತ್ರಿಭೋಜನತ್ಯಾಗವೆಂದರೆ ಅದೂ ವ್ರತವೇ. ತಾಯಿಗೆ ಹತ್ತು ರಾತ್ರಿ ಒಲೆಯ ಮುಂದಿನಿಂದ ಬಿಡುಗಡೆಯೂ ಹೌದು. ಅಂತರಂಗತಪಗಳಲ್ಲಿ ಎಣಿಸಿದ ವೈಯಾವೃತ್ಯವು ಮುನಿಗಳ ಪಾದಸೇವೆಗೆ ಮುಗಿಯಬೇಕಾಗಿಲ್ಲ.

ಆ ಮನೆಯಲ್ಲಿ ಏಕಾದಶಿಯ ಹಿಂದಿನ ಸಂಜೆ ಐದಕ್ಕೆ ಮಗ, ಸೊಸೆ, ಮೊಮ್ಮಕ್ಕಳು ತಾಯಿಯೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆಂದಿಟ್ಟುಕೊಳ್ಳೋಣ. ಮರುದಿನ ತಾನು ನಿರಾಹಾರವಿರುವೆನೆಂದು ಮಗನು ಹೇಳಿದಾಗ, ತಾಯಿಯು ಮಧ್ಯಾಹ್ನದ ಒಂದು ಊಟಕ್ಕೂ ಮಾತ್ರೆಗೂ ಒಪ್ಪಲು ಹೆಚ್ಚು ಹೊತ್ತು ಹಿಡಿಯಲಾರದು.