ಅನ್ನ ಹಾಕದ ಬುರಿಟೊಗೆ ನೂರಕ್ಕೆ ಎಷ್ಟು?

ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ ಎರಡು ಹಳೆಯ ಹೋಟೆಲುಗಳ ನಡುವೆ ಇನ್ನೂ ಬಗೆಹರಿಯದ ಒಂದು ವ್ಯಾಜ್ಯವಿದೆ. ಇವತ್ತು ಜಗತ್ತೆಲ್ಲ ತಿನ್ನುವ ಆ ದಪ್ಪ ಬುರಿಟೊವನ್ನು ಮೊದಲು ಮಾರಿದ್ದು ತಾವು, 1961ರ ಸೆಪ್ಟೆಂಬರಿನಲ್ಲಿ, ಎನ್ನುತ್ತದೆ ಫೋಲ್ಸಮ್ ಬೀದಿಯ ಎಲ್ ಫಾರೋ. ಇಲ್ಲ, ಅದು ಹುಟ್ಟಿದ್ದು ನಮ್ಮಲ್ಲಿ, 1969ರಲ್ಲಿ, ಎನ್ನುತ್ತದೆ ವೆಲೆನ್ಸಿಯಾ ಬೀದಿಯ ಲಾ ಕುಂಬ್ರೆ. ಎಲ್ ಫಾರೋದವರು ಹೇಳುವ ಕಥೆ ಚೆನ್ನಾಗಿದೆ. ಹತ್ತಿರದ ಅಗ್ನಿಶಾಮಕ ಠಾಣೆಯವರು ಸ್ಯಾಂಡ್‌ವಿಚ್ ಕೇಳಿಕೊಂಡು ಬಂದರಂತೆ. ಅಂಗಡಿಯಲ್ಲಿ ಬ್ರೆಡ್ ಇರಲಿಲ್ಲ. ಮಾಲೀಕ ರೊಟ್ಟಿಗಳನ್ನೇ ಒಂದಕ್ಕೊಂದು ಜೋಡಿಸಿ, ಅದರಲ್ಲಿ ಮಾಂಸ, ಅನ್ನ, ಕಾಳು ತುಂಬಿ ಸುತ್ತಿಕೊಟ್ಟರಂತೆ. ಬುರಿಟೊ ಎಂದರೆ ಸ್ಪ್ಯಾನಿಷಿನಲ್ಲಿ ಪುಟ್ಟ ಕತ್ತೆ. ಹೊರೆ ಹೊರುವ ಪ್ರಾಣಿಯ ಹೆಸರು ಹೊಟ್ಟೆ ತುಂಬಿಸುವ ಊಟಕ್ಕೆ ಬಂದಿದ್ದು ಹೇಗೋ, ಒಪ್ಪುತ್ತದೆ ಮಾತ್ರ.

ಕೆಲಸದ ಮೇಲೆ ಅಲ್ಲಿಗೆ ಹೋಗಿ ಬಂದ ನಮ್ಮಂಥವರಿಗೆ ಈ ಬಡಾವಣೆ ಗೊತ್ತಿರುತ್ತದೆ. ಇಪ್ಪತ್ತನಾಲ್ಕನೇ ಬೀದಿಯ ರೈಲು ನಿಲ್ದಾಣದಲ್ಲಿ ಇಳಿದರೆ ನಾಲ್ಕು ಹೆಜ್ಜೆಗೆ ಒಂದು ಟಾಕೆರಿಯಾ. ಯಾವುದಕ್ಕೆ ಹೋಗುವುದು? ಫೋನ್ ತೆಗೆಯುತ್ತೇವೆ. 4.5 ಇದ್ದರೆ ಒಳಗೆ, 3.8 ಇದ್ದರೆ ಮುಂದಕ್ಕೆ. ಮತುಂಗಾದಲ್ಲಿ ಮಾಡುವುದೂ ಇದನ್ನೇ, ಕೊತ್ರೂಡಿನಲ್ಲಿ ಮಾಡುವುದೂ ಇದನ್ನೇ. ಇಷ್ಟು ಸಣ್ಣ ಕೆಲಸದಲ್ಲಿ ನೈತಿಕ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳಬಹುದು. ಬುರಿಟೊವನ್ನು ತೂಗಿ ನೋಡಿದ ಅತಿ ದೊಡ್ಡ ಪ್ರಯತ್ನವೊಂದನ್ನು ಗಮನಿಸಿದರೆ ಪ್ರಶ್ನೆ ತಾನಾಗಿ ಏಳುತ್ತದೆ.

2014ರಲ್ಲಿ ಅಂಕಿಅಂಶಗಳ ಪತ್ರಿಕೋದ್ಯಮಕ್ಕೆ ಹೆಸರಾದ ಫೈವ್‌ಥರ್ಟಿಎಯ್ಟ್ ಸಂಸ್ಥೆ ಅಮೆರಿಕದ ಅತ್ಯುತ್ತಮ ಬುರಿಟೊ ಹುಡುಕಲು ಹೊರಟಿತು. ಬುರಿಟೊ ಮಾರುವ 67,000ಕ್ಕೂ ಹೆಚ್ಚು ಹೋಟೆಲುಗಳ ಬಗ್ಗೆ ಗ್ರಾಹಕರು ಬರೆದಿದ್ದನ್ನೆಲ್ಲ ಲೆಕ್ಕಕ್ಕೆ ಹಾಕಿ, ತಜ್ಞರನ್ನು ಕೂರಿಸಿ, 64 ಹೋಟೆಲುಗಳನ್ನು ಆರಿಸಿದರು. ಆಮೇಲೆ ಆನಾ ಮರಿಯಾ ಬ್ಯಾರಿ-ಜೆಸ್ಟರ್ ಎಂಬ ಪತ್ರಕರ್ತೆ ದೇಶವಿಡೀ ತಿರುಗಿ ಎಲ್ಲವನ್ನೂ ತಿಂದು ಅಂಕ ಕೊಟ್ಟರು. ರೊಟ್ಟಿಗೆ 20, ಮಾಂಸಕ್ಕೆ 20, ಉಳಿದ ಪದಾರ್ಥಗಳಿಗೆ 20, ನೋಟಕ್ಕೆ 20, ಒಟ್ಟು ರುಚಿಗೆ 20. ಗೆದ್ದಿದ್ದು ಮಿಷನ್ ಬೀದಿಯ ಲಾ ಟಾಕೆರಿಯಾ, ಮಿಗೆಲ್ ಹಾರಾ ಎಂಬುವರು 1973ರಲ್ಲಿ ತೆರೆದ ಹೋಟೆಲು.

ಇಲ್ಲೊಂದು ತಮಾಷೆ ಇದೆ. ಮಿಷನ್ ಶೈಲಿಯ ಬುರಿಟೊದ ಗುರುತೇ ಅದರೊಳಗಿನ ಅನ್ನ. ಲಾ ಟಾಕೆರಿಯಾ ಅನ್ನ ಹಾಕುವುದಿಲ್ಲ. ಅಂದರೆ ಮಿಷನ್ನಿನಲ್ಲಿ ನಿಂತು, ಮಿಷನ್ ಪದ್ಧತಿಯನ್ನು ಬಿಟ್ಟುಕೊಟ್ಟ ಬುರಿಟೊ ದೇಶಕ್ಕೇ ಮೊದಲು ಬಂತು. ಸೆಟ್ ದೋಸೆ, ನೀರುದೋಸೆ, ದಾವಣಗೆರೆ ಬೆಣ್ಣೆದೋಸೆ ಮೂರನ್ನೂ ಸಾಲಾಗಿ ಇಟ್ಟು ಗರಿಗರಿತನಕ್ಕೆ 20 ಅಂಕ ಎಂದರೆ ನೀರುದೋಸೆ ಸೋತೇ ಸೋಲುತ್ತದೆ. ಸೋತಿದ್ದು ನೀರುದೋಸೆಯ ತಪ್ಪಿನಿಂದ ಅಲ್ಲ, ಅದು ಗರಿಗರಿಯಾಗಲು ಹುಟ್ಟಿದ್ದೇ ಅಲ್ಲ.

ಇನ್ನೊಂದು ವಿಷಯ. ಆ ನೂರು ಅಂಕದಲ್ಲಿ ಬೆಲೆಗೆ ಒಂದು ಅಂಕವೂ ಇಲ್ಲ, ಹೊಟ್ಟೆ ತುಂಬಿತೇ ಎಂಬುದಕ್ಕೂ ಇಲ್ಲ. ಠಾಣೆಯಿಂದ ಹಸಿದು ಬಂದವರಿಗಾಗಿ ಹುಟ್ಟಿದೆ ಎನ್ನಲಾದ ಊಟವನ್ನು ಅಳೆಯುವಾಗ ಹಸಿವನ್ನೇ ಹೊರಗಿಟ್ಟಂತಾಯಿತು. ಮಾಡಿದವರು ಪ್ರಾಮಾಣಿಕರು, ಅಳತೆಯನ್ನು ಮುಚ್ಚಿಡದೆ ಹೇಳಿದರು. ನನ್ನ ತಕರಾರು ಅವರ ಮೇಲಲ್ಲ. ಆ ಕೋಷ್ಟಕವನ್ನು ಬಿಟ್ಟು, ಗೆದ್ದವರ ಹೆಸರನ್ನು ಮಾತ್ರ ಹೊತ್ತು ಓಡುವ ನಮ್ಮ ಮೇಲೆ.

ರುಚಿಗೆ ಅಳತೆಯೇ ಇಲ್ಲ, ಅವರವರ ನಾಲಿಗೆ ಅವರವರದು ಎಂದು ಕೈತೊಳೆದುಕೊಳ್ಳುವುದು ಸುಲಭ. ಡೇವಿಡ್ ಹ್ಯೂಮ್ ಅದನ್ನು ಒಪ್ಪಲಿಲ್ಲ. ರುಚಿಯ ಮಾನದಂಡದ ಬಗ್ಗೆ 1757ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟಿನಿಂದ ಎತ್ತಿಕೊಂಡ ಒಂದು ಪ್ರಸಂಗ ಬರುತ್ತದೆ. ಸಾಂಚೋನ ಬಂಧುಗಳಿಬ್ಬರು ಒಂದು ಪೀಪಾಯಿಯ ದ್ರಾಕ್ಷಾರಸ ಸವಿಯುತ್ತಾರೆ. ಚೆನ್ನಾಗಿದೆ, ಆದರೆ ಸ್ವಲ್ಪ ಚರ್ಮದ ವಾಸನೆ, ಎನ್ನುತ್ತಾನೆ ಒಬ್ಬ. ಚೆನ್ನಾಗಿದೆ, ಆದರೆ ಕಬ್ಬಿಣದ ರುಚಿ, ಎನ್ನುತ್ತಾನೆ ಇನ್ನೊಬ್ಬ. ಎಲ್ಲರೂ ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಹಳೆಯ ಕೀಲಿಕೈ ಸಿಗುತ್ತದೆ. ನಾಲಿಗೆ ಸುಳ್ಳು ಹೇಳಿರಲಿಲ್ಲ. ಇಂಥ ನಾಲಿಗೆ ಬರುವುದು ಅಭ್ಯಾಸದಿಂದ, ಹೋಲಿಸಿ ನೋಡುವುದರಿಂದ, ಪೂರ್ವಗ್ರಹ ಬಿಡುವುದರಿಂದ ಎನ್ನುತ್ತಾನೆ ಹ್ಯೂಮ್.

ಮೊದಲ ಎರಡನ್ನು ಒಪ್ಪುತ್ತೇನೆ. ಒಂದೇ ಬುರಿಟೊ ತಿಂದವನಿಗೆ ರೊಟ್ಟಿಯನ್ನು ಹಬೆಯಲ್ಲಿ ಮೆತ್ತಗೆ ಮಾಡಿದ್ದಾರೋ ಕಾವಲಿಯ ಮೇಲೆ ಕೆಂಪಗೆ ಸುಟ್ಟಿದ್ದಾರೋ ಎಂಬುದು ಕಣ್ಣಿಗೇ ಬೀಳುವುದಿಲ್ಲ. ನಾಲ್ಕು ತಿಂದ ಮೇಲೆ ಕಾಣುತ್ತದೆ. ಮೂರನೆಯದರಲ್ಲಿ ತಡವರಿಸುತ್ತೇನೆ. ಬುರಿಟೊದ ಯಾವ ನೆನಪೂ ಇಲ್ಲದ ನಾನು ಪೂರ್ವಗ್ರಹವಿಲ್ಲದವನು ಎಂಬುದೇನೋ ನಿಜ. ಆದರೆ ಅದು ನಿಷ್ಪಕ್ಷಪಾತವೋ, ಬರೀ ಸಂಬಂಧವಿಲ್ಲದಿರುವಿಕೆಯೋ?

ಘಾಟ್ಕೋಪರಿನ ಖಾವು ಗಲ್ಲಿಯ ಮೈಸೂರು ಮಸಾಲಾ ದೋಸೆಯನ್ನು ನೋಡಿ. ಕಾವಲಿಯ ಮೇಲಿನ ದೋಸೆಯ ಮೇಲೇ ಬೆಣ್ಣೆ, ತರಕಾರಿ, ಕೆಂಪು ಚಟ್ನಿ ಎಲ್ಲ ಸುರಿದು, ಪಾವ್‌ಭಾಜಿಯ ಹಾಗೆ ಹಿಸುಕಿ ಹಿಸುಕಿ ಮಾಡುವ ಪದಾರ್ಥ ಅದು. ಮೈಸೂರಿನವರಿಗೆ ತೋರಿಸಿದರೆ ನಗುತ್ತಾರೆ, ನಾವೂ ನಕ್ಕಿದ್ದೇವೆ. ಆದರೆ ಅಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಶಾಲೆ ಬಿಟ್ಟ ಸಂಜೆಯ ರುಚಿ ಎಂದರೆ ಅದೇ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದರೆ ಅವಳು ಅದನ್ನೇ ಹುಡುಕುತ್ತಾಳೆ. ಮೆಕ್ಸಿಕೋದಿಂದ ಬಂದವನು ಮಿಷನ್ನಿನ ಅನ್ನ ತುಂಬಿದ ಬುರಿಟೊ ನೋಡಿ ಇದು ನಮ್ಮದಲ್ಲ ಎನ್ನಬಹುದು. ಮಿಷನ್ನಿನಲ್ಲೇ ಹುಟ್ಟಿದ ಅವನ ಮಗನಿಗೆ ಅದಕ್ಕಿಂತ ತನ್ನದಾದದ್ದು ಬೇರೆ ಇಲ್ಲ. ವಲಸೆ ಹೋದವರ ಅಡುಗೆಯನ್ನು ಬಿಟ್ಟುಬಂದ ಊರಿನ ಅಳತೆಯಿಂದ ಅಳೆದರೆ ಅದು ಯಾವಾಗಲೂ ಕಡಿಮೆಯೇ ಕಾಣುತ್ತದೆ. ವಲಸಿಗರಾದ ನಾವೇ ಆ ಅಳತೆಗೋಲು ಹಿಡಿದು ನಿಲ್ಲುವುದು ವಿಚಿತ್ರ.

ಹಾಗಾದರೆ ಹೋಲಿಸುವುದೇ ಬೇಡ, ಎಲ್ಲವೂ ಅದರದರ ಜಾಗದಲ್ಲಿ ಚೆನ್ನ, ಎನ್ನೋಣವೇ? ಈ ಔದಾರ್ಯವನ್ನು ನಾನು ನಂಬುವುದಿಲ್ಲ. ಹಳಸಿದ ಸಾಲ್ಸಾ ಹಳಸಿದ ಸಾಲ್ಸಾವೇ. ಕಷ್ಟಪಡುತ್ತಾರೆ ಪಾಪ ಎಂದು ಸುಮ್ಮನಿರುವುದು ಅಡುಗೆಯವನನ್ನು ಕರುಣೆಗೆ ತಕ್ಕವನು, ಕಸುಬಿಗೆ ತಕ್ಕವನಲ್ಲ ಎಂದಂತೆ. ಅನ್ನ ಹಾಕುವುದಿಲ್ಲ ಎಂಬ ಹಾರಾರ ತೀರ್ಮಾನವೂ ಪಕ್ಕದವರ ಜೊತೆಗಿನ ಹೋಲಿಕೆಯೇ ಅಲ್ಲವೇ? ಅಡುಗೆಯವರು ದಿನವೂ ಹೋಲಿಸುತ್ತಾರೆ. ತಿನ್ನುವವರು ಮಾತ್ರ ಹೋಲಿಸಬಾರದು ಎನ್ನುವುದರಲ್ಲಿ ಅರ್ಥವಿಲ್ಲ.

ವ್ಯತ್ಯಾಸ ಬೇರೆ ಕಡೆ ಇದೆ ಎನ್ನಿಸುತ್ತದೆ. ಹೋಲಿಸುವುದು ಒಂದು ಕ್ರಿಯೆ, ಸಾಲಿನಲ್ಲಿ ನಿಲ್ಲಿಸುವುದು ಇನ್ನೊಂದು. ಮೊದಲನೆಯದು ಇದು ಹೀಗಿದೆ, ಅದು ಹಾಗಿದೆ ಎನ್ನುತ್ತದೆ. ಎರಡನೆಯದು ಇದು ಮೇಲು, ಅದು ಕೀಳು ಎಂದು ಮುಗಿಸಿಬಿಡುತ್ತದೆ, ಯಾವುದರಲ್ಲಿ ಎಂಬ ಪ್ರಶ್ನೆಯನ್ನು ದಾರಿಯಲ್ಲೇ ಬಿಟ್ಟು. ವರ್ಷಕ್ಕೊಮ್ಮೆ ಆಫೀಸಿನಲ್ಲಿ ಅಪ್ರೈಸಲ್ ಎದುರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೆರಡು ತಿಂಗಳ ದುಡಿಮೆ ಒಂದು ಅಂಕಿಯಾಗಿ ಮರಳುವಾಗ ಹೊಟ್ಟೆ ಉರಿಯುತ್ತದೆ. ಅದೇ ನಾವು ಅದೇ ಸಂಜೆ ಊಟ ತಡವಾಯಿತೆಂದು ಎರಡು ನಕ್ಷತ್ರ ಒತ್ತುತ್ತೇವೆ.

ಒತ್ತಿದ್ದಕ್ಕೆ ತೂಕವೂ ಇದೆ. ಹಾರ್ವರ್ಡಿನ ಮೈಕೆಲ್ ಲೂಕಾ 2011ರಲ್ಲಿ ಸಿಯಾಟಲ್ಲಿನ ಹೋಟೆಲುಗಳ ಲೆಕ್ಕ ತೆಗೆದು ನೋಡಿದರು. ಯೆಲ್ಪ್‌ನಲ್ಲಿ ಒಂದು ನಕ್ಷತ್ರ ಹೆಚ್ಚಿದರೆ ಹೋಟೆಲಿನ ಆದಾಯ 5ರಿಂದ 9 ಶೇಕಡಾ ಹೆಚ್ಚುತ್ತಿತ್ತು. ಈ ಪರಿಣಾಮ ಕಂಡಿದ್ದು ಸ್ವತಂತ್ರ ಹೋಟೆಲುಗಳಲ್ಲಿ. ದೊಡ್ಡ ಸರಣಿ ಹೋಟೆಲುಗಳಿಗೆ ನಕ್ಷತ್ರಗಳಿಂದ ಏನೂ ಆಗುತ್ತಿರಲಿಲ್ಲ. ಚಿಪೋಟ್ಲೆಯ ಸ್ಥಾಪಕ ಸ್ಟೀವ್ ಎಲ್ಸ್ ಮಿಷನ್ನಿನ ಬುರಿಟೊ ತಿಂದು ಪ್ರೇರಿತರಾಗಿ 1993ರಲ್ಲಿ ಡೆನ್ವರಿನಲ್ಲಿ ಅಂಗಡಿ ತೆರೆದವರು. ಅದರ ಸಾವಿರಾರು ಶಾಖೆಗಳಲ್ಲಿ ಒಂದಕ್ಕೆ ನಾನು ಬೈದರೆ ಯಾರಿಗೂ ತಾಗುವುದಿಲ್ಲ. ಅದೇ ಬೈಗುಳ ಮೂಲ ಬೀದಿಯ ಸಣ್ಣ ಅಂಗಡಿಗೆ ತಾಗುತ್ತದೆ. ಒಂದೇ ಮಾತು, ಒಂದೇ ಪ್ರಾಮಾಣಿಕತೆ, ಆದರೂ ಎರಡೂ ಸಮಾನ ಕೃತ್ಯಗಳಲ್ಲ.

ಆದ್ದರಿಂದ ಯಾರಾದರೂ ಕೇಳಿದರೆ ನಾನೀಗ ಮೊದಲು ತಿರುಗಿ ಕೇಳುತ್ತೇನೆ. ಎಷ್ಟು ಹಸಿವಾಗಿದೆ? ಜೇಬಿನಲ್ಲಿ ಎಷ್ಟಿದೆ? ಮಾಂಸ ತಿನ್ನುತ್ತೀರಾ? ಮಾಂಸದ್ದೇ ರುಚಿ ಬೇಕಿದ್ದರೆ ಇಪ್ಪತ್ತೈದನೇ ಬೀದಿಯ ಹತ್ತಿರ ಅನ್ನವಿಲ್ಲದ್ದು. ರಾತ್ರಿ ಊಟದವರೆಗೆ ಹೊಟ್ಟೆ ಸುಮ್ಮನಿರಬೇಕಿದ್ದರೆ ಅನ್ನವಿರುವ ಯಾವುದಾದರೂ ಆಗುತ್ತದೆ. ಸಸ್ಯಾಹಾರಿಗಳಾದರೆ ಯಾವ ಪಟ್ಟಿಯನ್ನೂ ನೋಡುವುದು ಬೇಡ, ಕಾಳಿಗೆ ಹಂದಿಯ ಕೊಬ್ಬು ಹಾಕಿದ್ದೀರಾ ಎಂದು ಕೌಂಟರಿನಲ್ಲಿ ಕೇಳಿ. ಎಷ್ಟು ನಕ್ಷತ್ರ ಇದ್ದರೂ ಆ ಉತ್ತರ ಫೋನಿನಲ್ಲಿ ಇರುವುದಿಲ್ಲ.